ಬಿಗಿಯಬಾರದ ಜಾಗ

ಸೇಲಂನ ನನ್ನ ಸೈಕಲ್ ಅಂಗಡಿ ಗೋಡೆ ಮೇಲೆ "ಕಾರ್ಬನ್ ಫ್ರೇಮನ್ನು ರಿಪೇರಿ ಸ್ಟ್ಯಾಂಡಿಗೆ ಬಿಗಿಯಬಾರದು, ಸೀಟಿನ ಕಂಬವನ್ನೇ ಬಿಗಿಯಬೇಕು" ಅಂತ ಬರೆದು ಅಂಟಿಸಿರೋನು ನಾನೇ. ಆದರೆ ಹೊಗೆನಕಲ್ಲಿನಲ್ಲಿ ಗಿರಾಕಿಯೊಬ್ಬರ ಕಾರ್ಬನ್ ಸೈಕಲ್ಲಿನ ಗೇರು ಕೈಕೊಟ್ಟಿತು ಅಂತ ಸ್ಟ್ಯಾಂಡ್ ಹೊತ್ತುಕೊಂಡು ಹೋದೆನಲ್ಲ, ಅವತ್ತು ಅದರ ಸೀಟಿನ ಕಂಬಕ್ಕೆ ಚೀಲ ಕಟ್ಟಿತ್ತು. ಬಿಚ್ಚೋಕೆ ಸೋಮಾರಿತನ. ಗಿರಾಕಿ ಮೀನು ತಿನ್ನೋಕೆ ಹೋಗಿದ್ದರು. ಫ್ರೇಮಿನ ಮೇಲಿನ ಬಾರಿಗೇ ಸ್ಟ್ಯಾಂಡಿನ ಹಿಡಿಕೆ ಹಾಕಿ ತಿರುಪು ಬಿಗಿಯತೊಡಗಿದೆ.

ಪಕ್ಕದಲ್ಲಿ ತನ್ನ ಬಿದಿರಿನ ಹರಿಗೋಲಿಗೆ, ಅಲ್ಲಿಯವರ ಮಾತಲ್ಲಿ ಪರಿಸಲಿಗೆ, ಟಾರು ಬಳಿಯುತ್ತಿದ್ದ ಮುದುಕ ಕೂಗಿದ: "ಏ ತಂಬಿ, ಅದರ ಒಟ್ಟೆ ಅಮುಕಬೇಡ ಲಾ!"

"ಇದು ಕಾರ್ಬನ್, ತಾತ. ಗಟ್ಟಿ ಇರ್ತೈತೆ," ಅಂದೆ, ಜಂಬದಿಂದ.

"ಏನಾದ್ರೂ ಆಗ್ಲಿ. ಇಷ್ಟು ಅಗುರ ಇದ್ರೆ ಒಳಗೆ ಟೊಳ್ಳೇ ಅಲ್ವಾ? ಪರಿಸಲನ್ನ ನಾವು ಅಂಚಲ್ಲೇ ಇಡಿಯೋದು, ಒಟ್ಟೇಲಲ್ಲ."

ನನ್ನದೇ ಗೋಡೆಬರಹ ನೆನಪಾಯಿತು. ತಿರುಪು ಸಡಿಲಿಸಿ, ಚೀಲ ಬಿಚ್ಚಿ, ಸೀಟಿನ ಕಂಬಕ್ಕೆ ಹಿಡಿಕೆ ಹಾಕಿದೆ. ಬಾರಿನ ಮೇಲೆ ಗೀರೂ ಬಿದ್ದಿರಲಿಲ್ಲ, ಸದ್ಯ.

"ಇದನ್ನೆಲ್ಲ ಯಾರು ಕಲಿಸಿದ್ದು, ತಾತ?"

"ಚಿಕ್ಕೋನಿದ್ದಾಗ ಇಂಗೇ ಅಮುಕಿ ಒಂದು ಪರಿಸಲು ಮುರಿದಾಕಿದ್ದೆ. ನಮ್ಮಪ್ಪ ಬೆತ್ತದಲ್ಲಿ ಬೆನ್ನ ಮೇಲೆ ಬರೆದು ಕಲಿಸಿದ," ಅಂತ ನಕ್ಕು, ಮತ್ತೆ ಟಾರಿಗೆ ಕೈ ಹಾಕಿದ.

ನನ್ನ ಗೋಡೆಬರಹವನ್ನ ಲ್ಯಾಮಿನೇಟ್ ಮಾಡಿಸಿದ್ದೀನಿ. ಆದರೂ ಆ ತಾತನ ಅಪ್ಪನ ಬರಹದಷ್ಟು ಬಾಳಿಕೆ ಬರಲಿಲ್ಲ.