ದೊಡ್ಡವ್ವನ ಎಡಗಾಲು

ಇವತ್ತು ಬೆಳಿಗ್ಗೆ ಪ್ರಯೋಗಾಲಯದ ಹೊರಗೆ ನಿಂತು ಚಹಾ ಬಾಯಿಗಿಟ್ಟೆ. ತುಟಿ ಚುರ್ ಎಂದಿತು. ಕುರಕುಂಟಾ ಊರಿನ ನಮ್ಮ ದೊಡ್ಡವ್ವ ನೆನಪಾಗಿ ಒಬ್ಬಳೇ ನಕ್ಕೆ.

ನನ್ನ ಕೆಲಸ ಏನೆಂದು ನಿಮಗೆ ಹೇಳಿಬಿಡುತ್ತೇನೆ. ಮೈಯ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಔಷಧ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಕಣ್ಣಿಗೆ ಕಾಣದ ಪಾಲಿಮರ್ ನ್ಯಾನೊಕಣಗಳಲ್ಲಿ ತುಂಬಿ, ಆಪರೇಷನ್ನಿನ ನೋವು ಕಾಣದ ಹಾಗೆ ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುವಂತೆ ಮಾಡಬೇಕು. ಕಡುಬಿಗೆ ಹೂರಣ ತುಂಬಿದ ಹಾಗೆ ಅನ್ನಿ. ನನ್ನ ಕಡುಬುಗಳು ನೀರಿಗೆ ಬಿದ್ದೊಡನೆ ಬಾಯಿ ಬಿಟ್ಟು ಹೂರಣವನ್ನೆಲ್ಲ ಒಮ್ಮೆಗೇ ಕಕ್ಕುತ್ತವೆ. ಅಡುಗೆಮನೆಯಲ್ಲೂ ನನ್ನ ಹಣೆಬರಹ ಇದೇ.

ಕೆಲವು ವರ್ಷಗಳ ಹಿಂದೆ ಸೇಡಂನಲ್ಲಿ ದೊಡ್ಡವ್ವನ ದವಡೆ ಹಲ್ಲು ಕೀಳಿಸಿದೆವು. ಮರಗಟ್ಟಿದ ಬಾಯಿಗೆ ಬಿಸಿಯದೇನೂ ಬೇಡ ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮ ಕಡೆ ಬಾಗಿಲ ಮುಂದೆ ಹಾದವರನ್ನು ಚಹಾ ಕುಡಿಸದೆ ಬಿಡುವುದುಂಟೆ? ಬಸ್ಸಿಳಿದು ಮನೆ ಸೇರುವುದರೊಳಗೆ ಓಣಿಯವರೆಲ್ಲ, "ಬರ್ರಿ, ಕುಂದ್ರಿ, ಅರ್ಧ ಕಪ್ಪರ ಕುಡೀರಿ" ಎಂದರು. ಬೇಡವೆಂದರೆ ಅವರಿಗೆ ಸಿಟ್ಟು. ದೊಡ್ಡವ್ವ ಎಲ್ಲರ ಮರ್ಯಾದೆ ಕಾದಳು. ಸಂಜೆಗೆ ತುಟಿ ಮಿರ್ಚಿ ಭಜಿಯಂತೆ ಉಬ್ಬಿತ್ತು. ಅವಳ ದೂರು ಮಾತ್ರ ಬೇರೆ: "ಅಷ್ಟು ಕುಡದ್ರೂ ಚಾ ಕುಡದಂಗೇ ಆಗ್ಲಿಲ್ಲ ನೋಡು."

ಈಗ ಅವಳ ಎರಡೂ ಮೊಣಕಾಲು ಸವೆದಿವೆ. ಆಪರೇಷನ್ ಆಗದಿದ್ದರೆ ಹಾಸಿಗೆಯೇ ಗತಿ. ಮರಗಟ್ಟಿಸುವ ಸೂಜಿಯ ಮಾತೆತ್ತಿದರೆ ಫೋನ್ ಇಟ್ಟುಬಿಡುತ್ತಾಳೆ. ನನಗಂತೂ ದಿಗಿಲು ಹಿಡಿದಿದೆ. ನೋವಿಗೆ ಹೆದರುತ್ತಾಳೆಂದೇ ನಾವೆಲ್ಲ ತಿಳಿದಿದ್ದೆವು. ಇವತ್ತು ನನ್ನ ತುಟಿ ಸುಟ್ಟ ಮೇಲೆ ಬೇರೆ ಅನುಮಾನ ಬಂದು, ನಿಂತಲ್ಲಿಂದಲೇ ಫೋನ್ ಮಾಡಿ, ಚಹಾದ ರುಚಿ ಹೋದೀತೆಂದು ಸೂಜಿ ಬೇಡ ಅನ್ನುತ್ತೀಯಾ ಎಂದು ಕೇಳಿದೆ.

"ಮತ್ತ? ಕಾಲಿಗೆ ಜೋಮ ಹಿಡಿಸಿದ್ರ ಬಾಯಿಗೂ ಹಿಡೀತದಲ್ಲ?" ಎಂದಳು.

"ಇಲ್ಲ ದೊಡ್ಡವ್ವಾ, ಕಾಲಿಗಷ್ಟೇ. ಬಾಯಿ ನಿಂದು ನಿನಗೇ ಇರ್ತದ."

"ಖರೇ?"

"ಖರೇನ."

"ನೀ ಮಾಡ್ಲಿಕತ್ತೀಯಲ್ಲ, ಆ ಔಷಧಿನೇ ಹಾಕ್ತಾರೇನು?"

"ಅದಿನ್ನಾ ತಯಾರಾಗಿಲ್ಲ. ಭಾಳ ದಿನ ಹಿಡೀತದ."

"ಹಂಗಾರ ಬಲಗಾಲು ಈಗ ಮಾಡಿಸ್ಕೋತೀನಿ ತಂಗಿ. ಎಡಗಾಲು ನಿನ್ನ ಔಷಧಿಗಂತ ಇಟ್ಟಿರ್ತೀನಿ. ಲಗೂನ ಮಾಡು."

ನಗು ಬಂತು, ಕಣ್ಣೂ ತುಂಬಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, ಮತ್ತೆ ಕಡುಬು ಕಟ್ಟಲು ಒಳಗೆ ಹೋದೆ.