ಬಣ್ಣ ತೊಳೆಯುವ ಮುನ್ನ ಆಡಿದ ಮಾತು

ನಿಂಗವ್ವನ ಗಂಡ ಬದುಕಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ‘ಬರ್ತಾನ’ ಎಂದೆ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅಂದಿದ್ದರೆ ಅದೊಂದು ಸುಳ್ಳಷ್ಟೇ ಆಗುತ್ತಿತ್ತು, ನಾಲ್ಕು ದಿನಕ್ಕೆ ಹಳಸಿ ಹೋಗುತ್ತಿತ್ತು. ಆದರೆ ನಾನು ಅಂದದ್ದು ಬಯಲಾಟದ ಹೊಳೆಪ್ಪಯ್ಯನ ಬಣ್ಣ ಹಚ್ಚಿಕೊಂಡು — ಅಪ್ಪಯ್ಯನ ಬಾಯಿಂದ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಮೇಲೆ ನನ್ನಿಂದ ಆಗಲಿಲ್ಲ. ಅವಳ ಇಡೀ ಬಾಳು ಅದರ ಮೇಲೆಯೇ ಕುಳಿತುಬಿಟ್ಟಿತು.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಇನ್ನು ಮುಂದೆ ಓದುವವರು ನನ್ನನ್ನು ಒಳ್ಳೆಯವನೆಂದು ತಿಳಿದುಕೊಳ್ಳುವ ಭಯವಿಲ್ಲ.

ನಮ್ಮದು ಸುರಪುರ ಸೀಮೆಯ, ತಿಂಥಣಿಗೆ ಹತ್ತಿರದ, ಕೃಷ್ಣೆಯ ದಂಡೆಯ ಊರು. ಮನೆತನದ ಕಸುಬು ಕಿರಾಣಿ ಅಂಗಡಿ. ನಮ್ಮಪ್ಪನಿಗೆ ಮಾತ್ರ ಅಂಗಡಿಗಿಂತ ಬಯಲಾಟವೇ ಹೆಚ್ಚು. ತಕ್ಕಡಿ ಹಿಡಿದುಕೊಂಡೇ ಪದ ಹಾಡುತ್ತ ಬೆಲ್ಲ ಹೆಚ್ಚು ತೂಗಿ, ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದ. ಹೊಳೆಪ್ಪಯ್ಯ ನಮ್ಮೂರ ಗದ್ದುಗೆಯ ಶರಣ, ಜನರ ಬಾಯಲ್ಲಿ ಅಪ್ಪಯ್ಯ. ಹಿಂದೂಗಳು ಕಾಯಿ ಒಡೆಸುತ್ತಾರೆ, ಮುಸಲ್ಮಾನರು ಫಾತಿಹಾ ಹೇಳಿಸಿ ಸಕ್ಕರೆ ಓದಿಸುತ್ತಾರೆ. ಅವನ ಕತೆಯ ಆಟದಲ್ಲಿ ಅಪ್ಪಯ್ಯನ ವೇಷ ನಮ್ಮ ಮನೆಯದು. ಅಪ್ಪ ಹೋದಮೇಲೆ ನನಗೆ ಬಂತು.

ಆ ವೇಷಕ್ಕೊಂದು ಕಟ್ಟಳೆಯಿದೆ. ಬೆಳಗಾಗುವ ಹೊತ್ತಿಗೆ ಆಟ ಮುಗಿಯುತ್ತದೆ. ಅಪ್ಪಯ್ಯನ ವೇಷದವನು ಬಣ್ಣ ತೊಳೆಯಲು ಹೊಳೆಗೆ ನಡೆದು ಹೋಗುತ್ತಾನೆ. ದಾರಿಯ ಎರಡೂ ಬದಿ ಜನ ನಿಂತಿರುತ್ತಾರೆ. ಮನಸ್ಸಿನಲ್ಲಿ ತೊಡಕಿದ್ದವರು ಅವನನ್ನು ಕೇಳಬಹುದು. ಒಂದು ತೊಡಕಿಗೆ ಒಂದೇ ಸಲ — ಎರಡನೆಯ ಸಲ ಕೇಳಿದರೆ ಅಪ್ಪಯ್ಯನನ್ನು ನಂಬಿಲ್ಲ ಎಂದಾಯಿತು. ವೇಷದವನು ಉತ್ತರ ಕೊಡಬೇಕಾದದ್ದು ಆಟದೊಳಗಿನ ಮಾತಿನಿಂದಲೇ. ಸ್ವಂತದ್ದು ಒಂದಕ್ಷರವೂ ಸೇರಬಾರದು. ಅದರ ಅರ್ಥ ಮಾಡಿಕೊಳ್ಳುವುದು ಕೇಳಿದವರಿಗೆ ಬಿಟ್ಟದ್ದು. ನಮ್ಮಪ್ಪ ನನಗೆ ಹೇಳಿಕೊಟ್ಟ ಮೊದಲ ಪಾಠವೇ ಇದು.

‘ಬಣ್ಣ ಇರೂತನಕ ನಿನ್ನ ಮಾತು ನುಂಗಪ್ಪಾ. ಆಟದ ಮಾತಷ್ಟ ಕೊಡು. ಮಂದಿ ಅದನ್ನ ದೇವರ ಮಾತು ಅಂತ ತಗೋತಾರ. ನೀ ಸಣ್ಣ ಮನಶ್ಯಾ.’

ಸಣ್ಣ ಮನುಷ್ಯನೇ ನಾನು. ಎಷ್ಟು ಸಣ್ಣವನು ಎಂಬುದು ಅಪ್ಪನಿಗೂ ಗೊತ್ತಿರಲಿಕ್ಕಿಲ್ಲ.

ನಿಂಗವ್ವನ ಗಂಡ ಯಂಕಪ್ಪ ಹರಿಗೋಲು ನಡೆಸುವವನು. ನಿಜಾಮರ ರಾಜ್ಯದ ಕಡೆಯ ಮಳೆಗಾಲ ಅದು. ದಿನಕ್ಕೊಂದು ಸುದ್ದಿ, ಸುದ್ದಿಗೊಂದು ಬಾಲ. ಒಂದು ದಿನ ಇಳಿಹೊತ್ತಿಗೆ ಯಾರೋ ಬಂದು, ರಜಾಕಾರರು ಊರಿಗೆ ಬರಾಕತ್ಯಾರ, ಅಂಗಡಿಯವರನ್ನ ಮೊದಲು ಹಿಡಿತಾರ ಎಂದರು. ನಾನು ಅಂಗಡಿ ಬಾಗಿಲನ್ನೂ ಹಾಕದೆ ಹೊಳೆಗೆ ಓಡಿದೆ. ಆಚೆ ದಂಡೆ ಸೇರಿದರೆ ಲಿಂಗಸುಗೂರಿನ ಕಡೆಯಿಂದ ಹೇಗಾದರೂ ಗಡಿ ದಾಟಬಹುದು ಎಂಬ ಲೆಕ್ಕ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ದಂಡೆಯಲ್ಲಿ ಯಂಕಪ್ಪ ಒಬ್ಬನೇ ಹರಿಗೋಲು ಮಗುಚಿ ಹಾಕುತ್ತಿದ್ದ.

‘ಇವತ್ತ ಹೊಳಿ ಒಲ್ಲೆ ಅನ್ನಾಕತ್ತದ ಸಾವ್ಕಾರ್ರ. ನಾಳೆ ಮುಂಜಾನಿ ದಾಟಿಸ್ತೀನಿ’ ಎಂದ.

ನಾನು ಅವನ ಕಾಲು ಹಿಡಿದೆ. ಸಾಹುಕಾರನ ಮಗ ತನ್ನ ಕಾಲು ಹಿಡಿದದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲವೆಂದು ಕಾಣುತ್ತದೆ — ಹರಿಗೋಲು ನೀರಿಗಿಳಿಸಿದ. ನಡುಹೊಳೆಯ ಬಂಡೆಗೆ ಅದು ಬಡಿಯಿತು. ಇಬ್ಬರೂ ನೀರಿಗೆ ಬಿದ್ದೆವು. ಹರಿಗೋಲಿನ ಅಂಚು ನನ್ನ ಕೈಗೆ ಸಿಕ್ಕಿತು, ಅವನಿಗೆ ಸಿಗಲಿಲ್ಲ. ‘ಬಿಡಬ್ಯಾಡ್ರಿ ಸಾವ್ಕಾರ್ರ, ಹರಿಗೋಲು ಬಿಡಬ್ಯಾಡ್ರಿ’ ಎಂದ. ಆಮೇಲೆ ಅವನ ತಲೆ ಕಾಣಲಿಲ್ಲ. ನಾನು ಬಿಡಲಿಲ್ಲ. ಒಂದು ಕೈ ಚಾಚಬಹುದಿತ್ತೋ ಏನೋ — ಚಾಚಲಿಲ್ಲ ಎಂಬುದಷ್ಟೇ ನನಗೆ ಗೊತ್ತು. ಬಹಳ ಕೆಳಗೆ, ಆಚೆ ದಂಡೆಯ ಯಾವುದೋ ಹೊಲದ ಬದಿಗೆ ಹತ್ತಿಕೊಂಡೆ.

ಅಂದು ನಮ್ಮೂರಿಗೆ ಯಾರೂ ಬಂದಿರಲಿಲ್ಲ. ಅದು ಬರಿಯ ಗಾಳಿಸುದ್ದಿ.

ಹಿಂದೂಸ್ತಾನದ ದಂಡು ಬಂದು, ರಾಜ್ಯ ಬದಲಾದ ಮೇಲೆ ನಾನು ಮನೆಗೆ ಮರಳಿದೆ. ಹೇಗೆ ಹೋಗಿದ್ದೆಯೆಂದು ಕೇಳಿದವರಿಗೆ, ಚಕ್ಕಡಿ ಹತ್ತಿ ಕೊಡೇಕಲ್ ದಾರಿ ಹಿಡಿದೆ ಎಂದೆ. ಯಂಕಪ್ಪ ಹರಿಗೋಲು ತೆಗೆದುಕೊಂಡು ಹೋಗಿ, ನಿಜಾಮರ ವಿರುದ್ಧ ಹೋರಾಡುವವರ ಗಡಿಯ ಶಿಬಿರ ಸೇರಿರಬೇಕು ಎಂದು ಕೆಲವರು, ರಜಾಕಾರರು ಒಯ್ದಿರಬೇಕು ಎಂದು ಕೆಲವರು ಮಾತಾಡಿಕೊಳ್ಳುತ್ತಿದ್ದರು. ನಾನು ಎರಡು ಕಡೆಯವರಿಗೂ ತಲೆಯಾಡಿಸಿದೆ. ಇವತ್ತು ಬೇಡ, ನಾಳೆ ಹೇಳಿದರಾಯಿತು — ಹೀಗೆ ಅಂದುಕೊಳ್ಳುತ್ತಲೇ ವರ್ಷ ಕಳೆಯಿತು.

ಮರುವರ್ಷ ಯಾದಗಿರಿ, ಶಹಾಪುರ, ಸುರಪುರದ ಹಿರಿಯರು ಕೂಡಿ ನಮ್ಮೂರ ಹೊಳೆದಂಡೆಯಲ್ಲಿ ಆಟದ ಹಬ್ಬ ಮಾಡುವುದೆಂದರು. ನಿಜಾಮರ ಕಾಲದಲ್ಲಿ ಆಟಕ್ಕೆಂದು ನಾಲ್ಕು ಕಂಬ ನೆಡಬೇಕಾದರೂ ಠಾಣೆಯ ಪರವಾನಗಿ ಬೇಕಿತ್ತು. ಈಗ ಯಾರಪ್ಪನ ಭಯವೂ ಇಲ್ಲ. ಒಂದೊಂದು ಊರಿನವರು ಒಂದೊಂದು ಶರಣರ ಕತೆ ಆಡುವುದು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕುಳಿತು, ಆಡಿದ್ದರ ಬಗ್ಗೆ ಮಾತಾಡುವುದು. ಯಾದಗಿರಿಯವರ ಶಿವ ಕಣ್ಣಿನ ಚಾಳೀಸು ತೆಗೆಯುವುದನ್ನು ಮರೆತು ತಾಂಡವವಾಡಿದ. ಶಹಾಪುರದ ಹಿರಿಯರೊಬ್ಬರು, ದೇವರು ಮನುಷ್ಯನೊಡನೆ ಮಾತಾಡುತ್ತಾನೋ ಇಲ್ಲವೋ ಎಂಬ ದೊಡ್ಡ ಪ್ರಶ್ನೆ ಎತ್ತಿದರು. ನಮ್ಮೂರ ಮುಲ್ಲಾ ಸಾಬರೂ ಮಠದ ಸ್ವಾಮಿಗಳೂ ಗಡ್ಡ ನೀವಿಕೊಂಡು ಯೋಚಿಸುತ್ತಿರುವಾಗ ಹಿಂದಿನಿಂದ ಒಬ್ಬ ಮುದುಕಿ, ‘ಮಾತಾಡಿದ್ರ ಉರ್ದುದಾಗ ಮಾತಾಡ್ತಾನೋ, ಕನ್ನಡದಾಗೋ?’ ಎಂದಳು. ಮುಲ್ಲಾ ಸಾಬರು, ‘ನಿಮ್ಮತ್ತಿ ಯಾವುದ್ರಾಗ ಬೈತಿದ್ಲೋ ಅದರಾಗ’ ಎಂದರು. ನಾವೆಲ್ಲ ನಕ್ಕೆವು. ನಿಂಗವ್ವನೂ ನಕ್ಕಳು. ನಾನು ಅವಳ ಕಡೆ ನೋಡದಂತೆ ಕುಳಿತಿದ್ದೆ.

ಅವಳಿಗೆ ಇನ್ನೂ ಎಳೆಯ ವಯಸ್ಸು, ಮಕ್ಕಳಿರಲಿಲ್ಲ. ಅವರ ಜನದಲ್ಲಿ ಉಡಿಕಿಯ ಪದ್ಧತಿಯುಂಟು. ಗಂಡ ಸತ್ತವಳಿಗೆ, ಒಪ್ಪಿದ ಗಂಡಸು ದೈವದವರ, ಅಂದರೆ ಕುಲದ ಹಿರಿಯರ, ಮುಂದೆ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾನೆ. ಮತ್ತೆ ಮನೆ, ಮತ್ತೆ ಒಲೆ. ಹೆಂಡತಿ ಸತ್ತಿದ್ದ ಭೀಮಣ್ಣನೆಂಬ ಮೀನುಗಾರ ಅವಳಿಗೆ ಸೀರೆ ಉಡಿಸಲು ಸಿದ್ಧನಿದ್ದ. ಮೃದು ಮನುಷ್ಯ. ಅವಳಿಗೂ ಮನಸ್ಸಿತ್ತು — ಇದನ್ನು ಮುಚ್ಚಿಟ್ಟರೆ ಮತ್ತೊಂದು ಸುಳ್ಳಾಗುತ್ತದೆ. ಆದರೆ ಯಂಕಪ್ಪನ ಹೆಣ ಸಿಕ್ಕಿರಲಿಲ್ಲ. ಗಂಡ ಬದುಕಿದ್ದಾಗ ಉಡಿಕಿಯಾದರೆ ಅದು ಪಾಪ. ಅಪ್ಪಯ್ಯನನ್ನೇ ಕೇಳು ಎಂದರು ದೈವದವರು.

ಹಬ್ಬದ ಕಡೆಯ ಆಟ ನಮ್ಮದು. ಬೆಳಗಾಯಿತು. ನಾನು ಹೊಳೆಯ ಕಡೆ ನಡೆದೆ; ಬೂದಿ, ಅರಿಸಿನ, ಇಂಗಳಿಕ ಮುಖದ ಮೇಲೆ ಬಿಗಿದುಕೊಂಡಿದ್ದವು. ಯಾರೋ ಎತ್ತಿನ ಬಗ್ಗೆ ಕೇಳಿದರು, ಯಾರೋ ಸೊಸೆಯ ಬಗ್ಗೆ ಕೇಳಿದರು. ಆಟದ ಮಾತು ಕೊಟ್ಟು ಮುಂದೆ ಹೋದೆ. ದಾರಿಯ ತುದಿಯಲ್ಲಿ ನಿಂಗವ್ವ ನಿಂತಿದ್ದಳು. ಅವಳ ಹಿಂದೆ ಭೀಮಣ್ಣ, ಬಗಲಲ್ಲಿ ಮಡಿಚಿದ ಹಸಿರು ಸೀರೆ.

‘ಅಪ್ಪಯ್ಯಾ, ನನ ಗಂಡ ಎಲ್ಲಿ ಹೋಗ್ಯಾನೋ ಗೊತ್ತಿಲ್ಲ. ಹಾದಿ ಕಾಯಲ್ಯಾ, ಸೀರಿ ಉಡಲ್ಯಾ?’

ಅವಳಿಗೆಂದೇ ಹೇಳಿಮಾಡಿಸಿದಂಥ ಮಾತು ಆಟದಲ್ಲೇ ಇತ್ತು. ಮಗನನ್ನು ನೀರಿಗೆ ಕಳೆದುಕೊಂಡ ತಾಯಿಗೆ ಅಪ್ಪಯ್ಯ ಹೇಳುವ ಮಾತು: ‘ಹೊಳಿ ಒಯ್ದದ್ದನ್ನ ಹೊಳಿ ತರೂದಿಲ್ಲ ಮಗಳ. ದಂಡಿ ಮ್ಯಾಗ ಯಾರದಾರ ನೋಡು.’ ಸ್ವಲ್ಪ ಮೊದಲಷ್ಟೇ, ಅದೇ ಆಟದಲ್ಲಿ, ಆ ಮಾತನ್ನು ಗಟ್ಟಿಯಾಗಿ ಆಡಿದ್ದೆ, ಜನ ಕಣ್ಣೊರೆಸಿಕೊಂಡಿದ್ದರು. ಅಷ್ಟನ್ನು ಅಂದಿದ್ದರೆ ಸಾಕಿತ್ತು. ಕಟ್ಟಳೆಯೂ ಉಳಿಯುತ್ತಿತ್ತು, ಸತ್ಯವೂ ಉಳಿಯುತ್ತಿತ್ತು, ಭೀಮಣ್ಣ ಅಲ್ಲಿಯೇ ಸೀರೆ ಉಡಿಸುತ್ತಿದ್ದ.

ಆದರೆ ‘ಹೊಳಿ’ ಎಂಬ ಮಾತನ್ನು ನಾನು ನುಂಗಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊಳೆ ಎಂದರೆ ಇವಳು ತಲೆಯೆತ್ತಿ, ಹೊಳೆ ಒಯ್ದದ್ದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ — ಊರೆಲ್ಲ ನನ್ನನ್ನು ನೋಡುತ್ತದೆ ಎಂದುಕೊಂಡೆ. ಯಾರೂ ಹಾಗೆ ಕೇಳುತ್ತಿರಲಿಲ್ಲ. ಅದು ಆಟದ ಮಾತೆಂದು ಹಾಲುಗಲ್ಲದ ಕೂಸಿಗೂ ಗೊತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

‘ಬರ್ತಾನ. ಕುಂಕುಮ ಅಳಸಬ್ಯಾಡ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಟದಲ್ಲಿ ಇಲ್ಲದ ಮಾತು ಬಂದದ್ದು ಕೇಳಿ ಜನ ಬೆಚ್ಚಿದರು. ವೇಷದವನು ಕಟ್ಟಳೆ ಮುರಿದ ಎಂದು ಅವರಿಗೆ ಹೊಳೆಯಲೇ ಇಲ್ಲ. ಅಪ್ಪಯ್ಯ ತಾನೇ ಮೈದುಂಬಿ ನುಡಿದ ಎಂದುಕೊಂಡು ಕಾಲಿಗೆ ಬಿದ್ದರು. ನಿಂಗವ್ವನೂ ಬಿದ್ದಳು. ಭೀಮಣ್ಣ ಸೀರೆಯನ್ನು ಈ ಬಗಲಿನಿಂದ ಆ ಬಗಲಿಗೆ ಬದಲಿಸಿಕೊಂಡು ಹೊರಟುಹೋದ.

ಆ ವಾರವೇ ಅವಳ ಮನೆಗೆ ಹೋದೆ. ನಿಜ ಹೇಳುವ ಧೈರ್ಯ ಆಗಲೂ ಇರಲಿಲ್ಲ. ಯಂಕಪ್ಪ ಬರಲಿಕ್ಕಿಲ್ಲ, ಭೀಮಣ್ಣ ಒಳ್ಳೆಯವನು, ಸೀರೆ ಉಡು ಎಂದೆ. ಅವಳು ನಕ್ಕುಬಿಟ್ಟಳು.

‘ಅಪ್ಪಯ್ಯ ಬರ್ತಾನ ಅಂದಾನ್ರಿ. ನೀವ್ಯಾರ್ರಿ ಬರೂದಿಲ್ಲ ಅನ್ನಾಕ?’

ಅಂದವನು ನಾನೇ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಬಣ್ಣ ಹಚ್ಚಿದವನು ಬೇರೆ, ಉಪ್ಪು ತೂಗುವವನು ಬೇರೆ. ನಾನೇ ಕೊಟ್ಟ ಮಾತಿನ ಮುಂದೆ ನನ್ನ ಮಾತು ನಿಲ್ಲಲಿಲ್ಲ. ಹಾಗಾದರೆ ಮತ್ತೆ ಬಣ್ಣ ಹಚ್ಚಿಯೇ ಹೇಳಬೇಕು ಎಂದು ಮರುವರ್ಷದ ಹಬ್ಬವನ್ನು ಕಾದೆ. ಹೊಳೆಯ ಮಾತನ್ನು ಬಾಯಲ್ಲಿಟ್ಟುಕೊಂಡೇ ನಡೆದೆ. ಅವಳ ಮುಂದೆ ನಿಂತೆ. ಕೇಳು ತಾಯಿ, ಒಂದು ಸಲ ಕೇಳು — ಮನಸ್ಸಿನಲ್ಲೇ ಬೇಡಿಕೊಂಡೆ. ಕೇಳದೆ ಉತ್ತರ ಕೊಡುವಂತಿಲ್ಲ. ಅವಳೋ ಎರಡನೆಯ ಸಲ ಕೇಳುವವಳಲ್ಲ. ಕೈಮುಗಿದು, ವೇಷದವನ ಉಪವಾಸ ಮುರಿಯಲೆಂದು ತಂದಿದ್ದ ನುಚ್ಚು ಮಜ್ಜಿಗೆಯ ಗಡಿಗೆ ಮುಂದಿಟ್ಟಳು. ಒಮ್ಮೆ ಕಟ್ಟಳೆ ಮುರಿದವನು ಇನ್ನೊಮ್ಮೆ ಮುರಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಳ್ಳಿಗೆ ಮುರಿದೆ. ನಿಜಕ್ಕೆ ನನ್ನ ಬಾಯಿ ಬರಲಿಲ್ಲ.

ಕಡೆಗೂ ಹೇಳಿದೆ. ಆಗ ಭೀಮಣ್ಣ ಶಿರವಾಳದ ಕಡೆಯ ಹೆಣ್ಣನ್ನು ಮಾಡಿಕೊಂಡು ಬಹಳ ದಿನವಾಗಿತ್ತು. ಹೊಳೆದಂಡೆಯಲ್ಲಿ ನಿಂಗವ್ವ ಬಲೆ ಒಣಹಾಕುತ್ತಿದ್ದಳು. ಕಾಲು ಹಿಡಿದದ್ದು, ಬಂಡೆ, ಹರಿಗೋಲಿನ ಅಂಚು — ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಬಲೆಯನ್ನು ಬಿಡಲಿಲ್ಲ. ‘ಹೊಳ್ಯಾಗ ಅವ ಏನಾರ ಅಂದನೇನ್ರಿ?’ ಎಂದು ಕೇಳಿದಳು. ಅಂದದ್ದನ್ನು ಹೇಳಿದೆ.

‘ಹಂಗಾರ ನಿಮ್ಮನ್ನ ಉಳಿಸೇ ಹೋಗ್ಯಾನ.’ ಆಮೇಲೆ ನನ್ನ ಮುಖ ನೋಡಿದಳು. ‘ಈಗ್ಯಾಕ ಹೇಳಿದ್ರಿ ಸಾವ್ಕಾರ್ರ? ಭೀಮಣ್ಣನ ಮನ್ಯಾಗ ಬ್ಯಾರೆ ಹೆಣ್ಮಗಳು ಒಲಿ ಹಚ್ಯಾಳ. ಈಗ ಕುಂಕುಮ ಅಳಸಿದ್ರ ನನಗ ಸೀರಿನೂ ಇಲ್ಲ, ಹಾದಿನೂ ಇಲ್ಲ. ಹಾದಿ ಕಾಯಾಕಿ ಅಂತಾದ್ರೂ ಮಂದಿ ಕರದು ಉಡಿ ತುಂಬ್ತಾರ. ಅದನ್ನೂ ಕಸಗೋಬ್ಯಾಡ್ರಿ. ನಾ ಇರೂತನಕ ಬಾಯಿ ಬಿಡಬ್ಯಾಡ್ರಿ.’

ನನ್ನ ಸುಳ್ಳೇ ಅವಳಿಗೆ ಉಳಿದ ನೆರಳಾಗಿತ್ತು. ಅದನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ವರ್ಷವರ್ಷವೂ ಬಣ್ಣ ಹಚ್ಚಿದೆ. ಬಿಟ್ಟರೆ ಜನ ಯಾಕೆಂದು ಕೇಳುತ್ತಿದ್ದರು. ವರ್ಷವರ್ಷವೂ ಅವಳು ಗಡಿಗೆ ತಂದಳು. ಬಣ್ಣ ತೊಳೆದು ಬಂದಾಗ ‘ಉಣ್ರಿ ಸಾವ್ಕಾರ್ರ’ ಎನ್ನುತ್ತಿದ್ದಳು. ನಾನು ಉಣ್ಣುತ್ತಿದ್ದೆ, ಅವಳು ಹೊಳೆಯ ಕಡೆ ಮುಖಮಾಡಿ ಕುಳಿತಿರುತ್ತಿದ್ದಳು. ಕ್ಷಮಿಸಿದ್ದಳೋ, ಶಿಕ್ಷೆ ಕೊಡುತ್ತಿದ್ದಳೋ — ಕೇಳಲು ಬಾಯಿ ಬರಲಿಲ್ಲ. ನಿಂಗವ್ವಾ, ಒಂದು ವರ್ಷವೂ ಆ ಗಡಿಗೆಯಲ್ಲಿ ನಾನು ಒಂದಗುಳನ್ನೂ ಉಳಿಸಲಿಲ್ಲ.

ಈ ಚಳಿಗಾಲದಲ್ಲಿ ಅವಳು ಹೋದಳು. ಮುತ್ತೈದೆಯೆಂದೇ ಹಸಿರು ಬಳೆ ತೊಡಿಸಿ, ಉಡಿ ತುಂಬಿ ಮಣ್ಣು ಮಾಡಿದರು. ಊರ ಹೆಂಗಸರು ಸಾಲುಗಟ್ಟಿ ಬಂದು ಅವಳ ಹಣೆಯ ಕುಂಕುಮವನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ನಾನೂ ಹಿಡಿಮಣ್ಣು ಹಾಕಿ ಬಂದೆ.

ಮೊನ್ನೆ ಈಗಿನ ಮೇಳದ ಹುಡುಗರು ಮನೆಗೆ ಬಂದಿದ್ದರು. ಈ ಸಲದ ಹಬ್ಬದಲ್ಲಿ ಅಪ್ಪಯ್ಯನ ಆಟಕ್ಕೆ ನಿಂಗವ್ವನ ಕತೆಯ ಪ್ರವೇಶವೊಂದನ್ನು ಸೇರಿಸುತ್ತಾರಂತೆ, ನಾನೇ ಬರೆದುಕೊಡಬೇಕಂತೆ. ಅಪ್ಪಯ್ಯನ ಮಾತು ನಂಬಿ ಮುಪ್ಪಿನ ತನಕ ಕಾದವಳು, ಇದಕ್ಕಿಂತ ದೊಡ್ಡ ಭಕ್ತಿ ಯಾವುದಿದೆ ಎಂದರು. ಅವರಲ್ಲಿ ಒಬ್ಬ ಬಾಗಿಲ ತನಕ ಹೋದವನು ತಿರುಗಿ ಬಂದ.

‘ಕಡೀಕ ಗಂಡ ಬರ್ಲೇಬೇಕ್ರಿ ಅಜ್ಜಾರ. ಇಲ್ಲಂದ್ರ ಅಪ್ಪಯ್ಯನ ಮಾತು ಸುಳ್ಳ ಆಗ್ತದ.’

ಪ್ರವೇಶ ಬರೆಯಲು ಕುಳಿತು ಇದನ್ನು ಬರೆದಿದ್ದೇನೆ. ಅವರ ಕೈಗೆ ಇದನ್ನೇ ಕೊಡುತ್ತೇನೆ. ಅವರು ಒಲ್ಲೆವೆಂದರೆ, ಹಬ್ಬದ ಬೆಳಗ್ಗೆ ಹೊಳೆಯ ದಾರಿಯಲ್ಲಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಬಣ್ಣವಿಲ್ಲದ ಮುಖದಿಂದ ನಾನೇ ಓದುತ್ತೇನೆ. ಅಪ್ಪಯ್ಯ ಸುಳ್ಳು ಹೇಳಲಿಲ್ಲ; ಹೇಳಿದವನು ನಾನು. ಯಂಕಪ್ಪ ಬರುವುದಿಲ್ಲ.