ಮೇಲಿನ ನಾಲ್ಕು ಬೆರಳು ಜಾಗ

ಮೊದಲ ಸಲ ಆ ಗಂಟೆ ತಾನಾಗಿ ಬಾರಿಸಿದಾಗ ನಾನು ಅಡುಗೆಮನೆಯಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದೆ. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ನಾನೊಬ್ಬಳೇ. ನಡುಮನೆಯಿಂದ ಒಂದೇ ಒಂದು 'ಟಿಣ್'. ಟೈಪ್‌ರೈಟರಿನಲ್ಲಿ ಸಾಲು ತುಂಬುತ್ತ ಬಂದಾಗ, ಇನ್ನು ಏಳೆಂಟು ಅಕ್ಷರಕ್ಕಷ್ಟೇ ಜಾಗವಿದೆ ಎಂದು ಹೇಳುವ ಗಂಟೆ ಅದು. ಯಾರಾದರೂ ಕೂತು ಬರೆಯುತ್ತಿದ್ದರೆ ಮಾತ್ರ ಬಾರಿಸಬೇಕಾದದ್ದು.

ಕೈಯೊರೆಸಿಕೊಂಡು ಹೋಗಿ ನೋಡಿದೆ. ಕುರ್ಚಿ ಖಾಲಿ. ಮಷೀನಿನಲ್ಲಿ ಹಾಳೆ ಕೂಡ ಇಲ್ಲ. ರೋಲರನ್ನು ಹೊತ್ತು ಆಚೀಚೆ ಜರುಗುವ ಭಾಗಕ್ಕೆ ಗಾಡಿ ಅನ್ನುತ್ತಾರೆ. ಬೆಳಿಗ್ಗೆ ನಾನು ಬಲಕ್ಕೆ ತಳ್ಳಿ ಬಿಟ್ಟಿದ್ದ ಗಾಡಿ ಎಡಗಡೆಗೆ ಬಂದು ನಿಂತಿತ್ತು.

ಆ ಮಷೀನು ನನ್ನ ಕೈಗೆ ಬಂದದ್ದು ಹೊಲಿಗೆ ಮಷೀನಿನ ಬೆಲ್ಟ್ ತರಲು ಹೋದಾಗ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಹೊಲಿಗೆ ಮಷೀನು ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಅವರ ಅಂಗಡಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕೂತಿತ್ತು, ಕನ್ನಡದ ಟೈಪ್‌ರೈಟರು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಇಂಗ್ಲಿಷ್ ಟೈಪಿಂಗ್ ಹೇಳಿಕೊಡುತ್ತಿದ್ದರು. ನಮ್ಮ ಕೈಗಳ ಮೇಲೆ ಬಿಳಿ ಕರವಸ್ತ್ರ ಹೊದಿಸುವರು, ನೋಡದೆ ಹೊಡೆಯಬೇಕು. ಆ ಕರವಸ್ತ್ರದ ಕೆಳಗಿನ ಕತ್ತಲು ಬೆರಳುಗಳಿಗೆ ನೆನಪಿತ್ತೋ ಏನೋ, ಬೆಲ್ಟಿನ ಜೊತೆ ಮಷೀನನ್ನೂ ಆಟೋಕ್ಕೆ ಹಾಕಿಸಿಕೊಂಡು ಬಂದೆ.

ಮನೆಯವರು ನಕ್ಕರು. "ಪ್ರಿಂಟರ್ ಐತಿ, ಫೋನ್ ಐತಿ. ಈ ಕಬ್ಬಿಣ ಯಾಕ ಬೇಕಾತು ನಿನಗ? ಊರಿಗೆಲ್ಲಾ ನೋಟಿಸ್ ಕಳಸಾಕ ಹೊಂಟೀಯೇನು?"

"ಮೊದಲನೇ ನೋಟಿಸ್ ನಿಮಗಽ ರೀ," ಎಂದೆ.

ಫೋನಿನಲ್ಲಿ ಬರೆಯುವಾಗ ಅಕ್ಷರ ಎಲ್ಲಿಗೂ ತಾಗುವುದಿಲ್ಲ. ಇಲ್ಲಿ ಪ್ರತಿ ಅಕ್ಷರವೂ ಹಾಳೆಗೆ ಬಡಿದದ್ದು ಮೊಣಕೈತನಕ ಗೊತ್ತಾಗುತ್ತದೆ. ತಪ್ಪಿದರೆ ತಪ್ಪು ಅಲ್ಲೇ ಉಳಿಯುತ್ತದೆ. ಕನ್ನಡದ ಕೀಲಿಗಳನ್ನು ಹೊಸದಾಗಿ ಕಲಿತೆ. ಉಪ್ಪಿನಕಾಯಿ ಭರಣಿಗೆ ಚೀಟಿ, ತಂಗಿಗೆ ಪತ್ರ, ಶೇಂಗಾ ಹೋಳಿಗೆಯ ಅಳತೆ, ಏನು ಸಿಕ್ಕರೂ ಟೈಪು ಮಾಡುತ್ತಿದ್ದೆ. ರಿಬ್ಬನ್ನಿನ ವಾಸನೆಗೆ ಕೂಡ ಮನಸ್ಸು ಹತ್ತಿಬಿಟ್ಟಿತ್ತು.

ಕೀಲಿಗಳು ಮಾತ್ರ ನನ್ನವಲ್ಲ ಅನ್ನಿಸುತ್ತಿತ್ತು. ಒಂದೊಂದರ ನಡುವೆಯೂ ಸಣ್ಣ ಗುಣಿ. ನನ್ನ ಬೆರಳು ಆ ಗುಣಿಯಲ್ಲಿ ಕೂತಾಗ, ಬೇರೆಯವರ ಚಪ್ಪಲಿ ಮೆಟ್ಟಿದಂತೆ ಆಗುತ್ತಿತ್ತು. ಚಾಚಾ ಹೇಳಿದ್ದರು, ಅದು ಲಿಂಗಸುಗೂರಿನಲ್ಲಿ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಕೂತು ಜನರ ಅರ್ಜಿ ಟೈಪು ಮಾಡಿಕೊಡುತ್ತಿದ್ದವರ ಮಷೀನಂತೆ. ಹೋದ ವರ್ಷ ಅದರ ಮುಂದೆ ಕೂತಲ್ಲೇ ಜೀವ ಹೋಯಿತಂತೆ. ಮಗ ತಂದು ಚಾಚಾನಿಗೆ ಮಾರಿದ್ದ.

ಮಷೀನಿನ ಜೊತೆ ಬಂದ ಪೆಟ್ಟಿಗೆಯಲ್ಲಿ ಒಂದು ದಪ್ಪ ಕಂದು ಹಾಳೆಯೂ ಇತ್ತು. ಅಕ್ಷರದ ಏಟು ರೋಲರಿಗೆ ತಾಗದಿರಲೆಂದು ಬರೆಯುವ ಹಾಳೆಯ ಹಿಂದೆ ಇಂಥದೊಂದನ್ನು ಕೊಡುತ್ತಾರೆ, ಸಿಸ್ಟರೂ ಹೇಳಿಕೊಟ್ಟಿದ್ದರು. ಸಾವಿರಾರು ಅರ್ಜಿಗಳ ಏಟು ತಿಂದು ಅದರ ಮೈಯೆಲ್ಲ ಸಿಡುಬಿನ ಕಲೆ ಎದ್ದಂತಿತ್ತು. ಮೇಲಿನ ಅಂಚು ಮಾತ್ರ ಅಷ್ಟು ಕೆಟ್ಟಿರಲಿಲ್ಲ. ನಾನು ರೋಲರಿಗೆ ಹೊಸ ಹಾಳೆ ಕೊಟ್ಟೆ. ಹಳೆಯದು ಒಳ್ಳೆ ದಪ್ಪಗಿದೆಯಲ್ಲ ಎಂದು ಮಸಾಲೆ ಡಬ್ಬಿಗಳ ಕೆಳಗೆ ಹಾಸಿಬಿಟ್ಟೆ.

ಗಂಟೆ ಮತ್ತೆ ಮತ್ತೆ ಬಾರಿಸಿತು. ಯಾವಾಗಲೂ ಮಧ್ಯಾಹ್ನವೇ, ನಾನೊಬ್ಬಳೇ ಇದ್ದಾಗಲೇ. ಚಾಚಾನನ್ನು ಕರೆಸಿದೆ. ಅವರು ಮಷೀನನ್ನು ಮಗುಚಿ, ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು.

"ಅರೆ ಬೇಟಿ, ಒಳಗಿನ ಹಲ್ಲು ಸವದಾವ. ನಿಮ್ಮ ಮನಿ ಹಿಂದಿನ ರೈಸ್‌ಮಿಲ್ ನಡುಗಿದ್ರ ಗಾಡಿ ತಾನಽ ಸರಕೋತ ಹೋಕ್ಕೈತಿ. ಭೂತ ಗೀತ ಏನಿಲ್ಲ. ಭೂತ ಇದ್ದಿದ್ರ ನಾನಽ ಅದನ್ನ ಅಂಗಡ್ಯಾಗ ಕೆಲಸಕ್ಕ ಇಟಗೋತಿದ್ದೆ!"

ಸಮಾಧಾನವಾಯಿತು. ಮುಂದಿನ ಭಾನುವಾರ ಮಿಲ್ಲಿಗೆ ರಜೆ. ಮನೆಯವರು ಗೊರೇಬಾಳಕ್ಕೆ ಹೋಗಿದ್ದರು. ಫ್ಯಾನು ಕೂಡ ಹಾಕಿರಲಿಲ್ಲ. ನೀರಿನ ಲೋಟ ಮೇಜಿನ ಮೇಲಿಟ್ಟು ನೋಡಿದೆ, ನೀರು ಅಲುಗಲಿಲ್ಲ. ಆವತ್ತೂ ಬಾರಿಸಿತು.

ಅದಾಗಿ ವಾರದೊಳಗೆ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ಬಂದು ನಿಂತಳು. ರವಿಕೆಯ ತೋಳಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡಿದ್ದಳು. ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿರಬೇಕು.

"ಮಸ್ಕಿಯಿಂದ ಬಂದೀನ್ರೀ ಅಕ್ಕಾ. ಚಾಚಾ ಮನಿ ತೋರಿಸಿದ್ರು. ಆ ಮಷೀನ್ ನಮ್ಮಪ್ಪಂದು."

ಒಳಗೆ ಕರೆದು ಕೂರಿಸಿದೆ. ಅವಳು ಮಷೀನನ್ನು ಮುಟ್ಟಲಿಲ್ಲ, ದೂರದ ಕುರ್ಚಿಯಲ್ಲೇ ಕೂತಳು. ತಾನೇ ನೋಡಿಕೊಂಡ ಹುಡುಗನನ್ನು ಮದುವೆಯಾಗಿ ಮಸ್ಕಿಗೆ ಹೋದದ್ದು, ಅಂದಿನಿಂದ ಸಾಯುವತನಕ ಅಪ್ಪ ಮಾತು ಬಿಟ್ಟದ್ದು, ಎಲ್ಲ ಸೆರಗಿನ ಅಂಚು ನೋಡುತ್ತಲೇ ಹೇಳಿದಳು.

"ಕಚೇರಿ ಮುಂದಿನ ಚಾದಂಗಡಿ ಮಾಮಾ ಅಂತಾನ್ರೀ, ಕಡೀಕ ಕಡೀಕ ಅಪ್ಪ ಮುಂಜಾನೆ ಜನಾ ಬರೂದಕ್ಕಿಂತ ಮೊದಲಽ ಬಂದು ಏನೋ ಟೈಪ್ ಮಾಡ್ತಿದ್ದ, ಹರದು ಕಿಸೇದಾಗ ಹಾಕ್ಕೋತಿದ್ದ ಅಂತ. 'ನಿನಗಽ ಬರೀತಿದ್ದ ಬಿಡು' ಅಂತಾನ. ನಮ್ಮಣ್ಣನ್ನ ಕೇಳಿದ್ರ, 'ನಿನ್ನ ಹೆಸರಽ ಎತ್ತಿಲ್ಲವಾ ಆತ, ಸುಮ್ನ ಕನಸ ಕಾಣಬ್ಯಾಡ' ಅಂತಾನ. ಯಾವುದು ಖರೇ ಅಂತ ತಿಳೀಬೇಕ್ರೀ ನನಗ. ಮಷೀನ್‌ದಾಗ ಒಂದು ಹಾಳಿ ಆದ್ರೂ ಉಳದಿತ್ತೇನ್ರೀ?"

ಏನೂ ಇರಲಿಲ್ಲ ಎಂದೆ. ಮುಖ ಸಣ್ಣದು ಮಾಡಿಕೊಂಡಳು. ಚಹಾ ಮಾಡಲು ಒಳಗೆ ಹೋಗಿ ಸಕ್ಕರೆ ಡಬ್ಬಿಗೆ ಕೈಹಾಕಿದಾಗ ಕಂಡಿತು: ಡಬ್ಬಿಗಳ ಕೆಳಗಿನ ಕಂದು ಹಾಳೆ.

ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಹಾಳೆಯನ್ನು ಹೊರಗೆ ತಂದೆ. ಅದರ ಮೇಲೆ ಡಬ್ಬಿಯ ತಳದ ಉಂಗುರಗಳು, ಚೆಲ್ಲಿದ ಖಾರಪುಡಿ. "ತಪ್ಪಾತು ತಂಗಿ. ಕಸಾ ಅಂತ ಹಾಸಿಬಿಟ್ಟಿದ್ದೆ," ಎಂದೆ.

ಅವಳು ಹಾಳೆಯ ಕೆಳಭಾಗ ನೋಡಲೇ ಇಲ್ಲ. ಬೆರಳಿನಿಂದ ಮೇಲಂಚನ್ನು ಅಳೆದಳು. "ಅರ್ಜಿ ಬರಿಯೋವಾಗ ಅಪ್ಪ ಮ್ಯಾಲ ನಾಕು ಬೆರಳು ಬಿಡತಿದ್ದ್ರೀ. ಸ್ಟಾಂಪ್ ಹಚ್ಚಾಕ, ಸಾಹೇಬ್ರು ಷರಾ ಬರ್ಯಾಕ. ಜನರ ಅರ್ಜಿ ಯಾವತ್ತೂ ಈ ಜಾಗಕ್ಕ ಬರಂಗಿಲ್ಲ. ಇಲ್ಲೇನರ ಇದ್ರ ಅದು ಅಪ್ಪನ ಸ್ವಂತದ್ದು."

ಖಾರಪುಡಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು. ಸಪಾಟಾದ ಜಾಗದ ಪುಡಿ ಹೋಯಿತು. ಗುಣಿಗಳಲ್ಲಿ ಇಳಿದದ್ದು ಹೋಗಲಿಲ್ಲ. ನಾವಿಬ್ಬರೂ ನೋಡುತ್ತಿದ್ದಂತೆ, ಯಾರೋ ಆಗಷ್ಟೇ ಹೊಡೆದಂತೆ, ಕೆಂಪು ಅಕ್ಷರಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಎದ್ದು ಬಂದವು. ಮಿಲ್ಲಿನ ಸದ್ದು ಕೂಡ ನನಗೆ ಕೇಳಿಸದಾಯಿತು.

'ಚಿ. ಸೌ.' ಅದರ ಮುಂದೆ ಅವಳ ಹೆಸರು.

ಒಂದು ಸಲವಲ್ಲ. ಅದೇ ಜಾಗದಲ್ಲಿ, ಕೂದಲೆಳೆಯಷ್ಟು ಆಚೆ ಈಚೆ, ಮೇಲಿಂದ ಮೇಲೆ ಅದೇ ಸಾಲು. ಎಷ್ಟು ಮುಂಜಾನೆಗಳು ಹೀಗೆ ಶುರುಮಾಡಿ ಹರಿದಿದ್ದರೋ. ಕೆಳಗೆ ಎರಡನೆಯ ಸಾಲು ಒಂದೇ ಸಲ, ತೆಳ್ಳಗೆ: 'ನಿನ್ನ ತಂದೆಯ ಆಶೀರ್ವಾದಗಳು'. ಅದರ ಕೆಳಗೆ, ಅರ್ಜಿಗಳ ಕಲೆ ಶುರುವಾಗುವತನಕ, ಏನೂ ಇಲ್ಲ, ಬರೀ ಹಾಳೆ.

ಅವಳು 'ಸೌ.' ಮೇಲೆ ಬೆರಳಿಟ್ಟಳು.

"ಹಾಸ್ಟೆಲಿಗೆ ಬರಿಯೋವಾಗ 'ಚಿ. ಕುಮಾರಿ' ಅಂತ ಹಾಕತಿದ್ದ್ರೀ," ಎಂದಳು. "ಇಲ್ಲಿ ಸೌಭಾಗ್ಯವತಿ ಅಂತ ಹಾಕ್ಯಾನ. ನನ್ನ ಲಗ್ನಾ ಒಪ್ಯಾನ್ರೀ ಅಕ್ಕಾ. ಒಪ್ಪಿ ಹೋಗ್ಯಾನ."

ಅರ್ಧಕ್ಕೆ ಇಳಿಸಿಟ್ಟಿದ್ದ ಚಹಾ ಆರಿಹೋಗಿತ್ತು, ಮತ್ತೆ ಕಾಯಿಸಿದೆ. ಮಷೀನು ಬೇಕಾದರೆ ಒಯ್ಯಿ ಎಂದದ್ದಕ್ಕೆ ತಲೆಯಾಡಿಸಿದಳು. "ಬ್ಯಾಡ್ರೀ. ನೀವು ಬರೀರಿ, ಅದು ಸುಮ್ನ ಕುಂತದ್ದಲ್ಲ." ಹಾಳೆಯನ್ನು ಮಡಚಲಿಲ್ಲ, ಅಕ್ಷರ ಒಳಗಡೆ ಬರುವಂತೆ ಸಡಿಲವಾಗಿ ಸುತ್ತಿ, ತೋಳಿನ ಸೂಜಿ ತೆಗೆದು, ಅಂಚಿಗೆ ಅದೇ ದಾರದಿಂದ ಎರಡು ಹೊಲಿಗೆ ಹಾಕಿದಳು. ಮಸ್ಕಿಯ ಬಸ್ಸು ಹತ್ತಿಸಿ ಬಂದೆ.

ಈ ಭಾನುವಾರ ಮಿಲ್ಲು ಬಂದ್ ಇತ್ತು. ಮನೆಯವರು ನಡುಮನೆಯಲ್ಲಿ ಪೇಪರು ಓದುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಟಿಣ್.

ಪೇಪರಿನ ಸರಸರ ನಿಂತಿತು. "ಏ, ಇಲ್ಲಿ ಯಾರೂ ಇಲ್ಲಲ್ಲಽ," ಎಂದರು ಅವರು, ಎಂದೂ ಇಲ್ಲದ ಸಣ್ಣ ದನಿಯಲ್ಲಿ.

ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಮನೆಯವರ ಕಡೆ ನೋಡಲಿಲ್ಲ, ಆ ಖಾಲಿ ಕುರ್ಚಿಯ ಕಡೆ ನೋಡಿದೆ.

"ನಿಮ್ಮ ಕಾಗದ ಮುಟ್ಟೈತ್ರೀ," ಎಂದೆ. "ಮಸ್ಕಿಗೆ ಮುಟ್ಟೈತಿ."